ಸಿಂಕ್ ಕಟ್ಟಿಕೊಂಡರೆ ಏನು ಮಾಡೋಣ?



ಸಿಂಕಿನಲ್ಲಿ ನೀರು ನಿಂತರೆ "ಪ್ಲಂಬರ್ ಬರ್ಲಿ" ಅಂತ ಕಾಯುತ್ತೇವೆ. ದಾಂಡೇಲಿ, ಹಳಿಯಾಳ ಪೇಟೆಯಲ್ಲಿ ಅವರು ಸಿಕ್ಕಾರು; ಜೊಯಿಡಾ, ಮುಂಡಗೋಡದ ಹಳ್ಳಿಗಳಿಗೆ ಕರೆಸೋದು ಕಷ್ಟ, ಖರ್ಚೂ ಹೆಚ್ಚು. ಈ ಕೆಲಸವನ್ನು ನಾವೇ ಮಾಡಿಕೊಳ್ಳಬಹುದು.

ಏಕೆ ಕಟ್ಟುತ್ತದೆ?

ಅನ್ನದ ಅಗುಳು, ಚಹಾಪುಡಿ, ಪಾತ್ರೆ ತಿಕ್ಕಿದ ಬೂದಿ, ತೆಂಗಿನ ನಾರು ಇವೆಲ್ಲ ಜಿಡ್ಡಿಗೆ ಅಂಟಿ ಗಟ್ಟಿಯಾಗುತ್ತವೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ತೊಂದರೆ ಹೆಚ್ಚಾಗೋದು ಇದಕ್ಕೇ. ಸಿಂಕಿನ ಕೆಳಗೆ ಬಾಗಿದ ಪೈಪು ಅಥವಾ ಬಾಟಲಿಯಂಥ ಭಾಗ ಇರುತ್ತದೆ. ಅಲ್ಲಿ ನಿಲ್ಲುವ ನೀರು ಗಟಾರದ ವಾಸನೆಯನ್ನು ತಡೆಯುತ್ತದೆ. ಕಸ ಕೂರುವುದೂ ಅಲ್ಲಿಯೇ.

ಹೀಗೆ ಮಾಡಿ

1. ನಿಂತ ನೀರನ್ನು ಮಗ್ಗಿನಿಂದ ತೆಗೆಯಿರಿ. ಜಾಲರಿಯ ಕಸ ತೆಗೆದು, ಸೋಪು ಹಾಕಿದ ಬಿಸಿನೀರು ಬಿಡಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಪೈಪು ಮೆತ್ತಗಾಗುತ್ತದೆ.

2. ಹೋಗದಿದ್ದರೆ, ರಬ್ಬರ್ ಬಟ್ಟಲಿನ ಪಂಪನ್ನು ತೂತಿನ ಮೇಲಿಡಿ. ಬಟ್ಟಲು ಮುಳುಗುವಷ್ಟು ನೀರಿರಲಿ. ಸಿಂಕಿನ ಮೇಲಂಚಿನಲ್ಲಿ ತೂತಿದ್ದರೆ ಒದ್ದೆ ಬಟ್ಟೆಯಿಂದ ಮುಚ್ಚಿ. 15-20 ಸಲ ಒತ್ತಿ, ಎತ್ತಿ.

3. ಆಗಲೂ ಹೋಗದಿದ್ದರೆ, ಕೆಳಗೆ ಬಕೆಟ್ ಇಟ್ಟು ಬಾಟಲಿ ಭಾಗವನ್ನು ಕೈಯಿಂದ ತಿರುಗಿಸಿ ಬಿಚ್ಚಿ. ಹಳೆಯ ಬ್ರಷ್‌ನಿಂದ ತೊಳೆಯಿರಿ. ವಾಷರ್ ಸರಿಯಾಗಿ ಕೂರಿಸಿ ಮತ್ತೆ ಬಿಗಿದು, ನೀರು ಬಿಟ್ಟು ಸೋರುತ್ತದೆಯೇ ನೋಡಿ.

ಜೋಪಾನ!

ಆಸಿಡ್ ಸುರಿಯಬೇಡಿ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ. ಚಿಕ್ಕ ಅಡುಗೆಮನೆಯಲ್ಲಿ ಉಸಿರು ಕಟ್ಟಿ ಜೀವಕ್ಕೇ ಅಪಾಯ. ಅಂಗಡಿಯ ಪೈಪು ತೊಳೆಯುವ ಪುಡಿಯಲ್ಲಿ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಇರುತ್ತದೆ. ಅದು ಚರ್ಮ, ಕಣ್ಣನ್ನು ಸುಡುತ್ತದೆ. ಪುಡಿ ಹಾಕಿದ ಮೇಲೆ ಪಂಪ್ ಒತ್ತಬೇಡಿ, ಪೈಪು ಬಿಚ್ಚಬೇಡಿ. ಕಣ್ಣಿಗೆ ಸಿಡಿದರೆ ತಕ್ಷಣ 20 ನಿಮಿಷ ಶುದ್ಧ ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಿ.

ಹೊರಗಿನ ಗುಂಡಿಯೇ ತುಂಬಿದ್ದರೆ ನೀವೂ ಇಳಿಯಬೇಡಿ, ಕೂಲಿ ಕೊಟ್ಟು ಯಾರನ್ನೂ ಇಳಿಸಬೇಡಿ. ಒಳಗಿನ ವಿಷಗಾಳಿಗೆ ಇಳಿದವರೂ, ಅವರನ್ನು ಎತ್ತಲು ಹೋದವರೂ ಸತ್ತದ್ದುಂಟು. ಸೆಪ್ಟಿಕ್ ಟ್ಯಾಂಕಿಗೆ ರಕ್ಷಣಾ ಸಾಧನವಿಲ್ಲದೆ ಜನರನ್ನು ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿಗೆ ತಿಳಿಸಿ, ಹೀರುವ ಯಂತ್ರದ ಗಾಡಿ ಕೇಳಿ. ನಾಲ್ಕು ಕಾಸು ಉಳಿಸಲು ಒಂದು ಮನೆಯ ದೀಪ ಆರಬಾರದು.

ಮತ್ತೆ ಕಟ್ಟದಂತೆ

ತಟ್ಟೆಯ ಎಂಜಲನ್ನು ಮೊದಲು ಗೊಬ್ಬರದ ಗುಂಡಿಗೆ ಹಾಕಿ. ಜಿಡ್ಡಿನ ಪಾತ್ರೆಯನ್ನು ಹಳೇ ಕಾಗದದಿಂದ ಒರೆಸಿ ತೊಳೆಯಿರಿ. ಬೂದಿಯಿಂದ ತಿಕ್ಕುವುದಾದರೆ ಹೊರಗೆ ತಿಕ್ಕಿ. ಮನೆಯ ಹೊರಗೆ ಕೊಳಚೆ ನಿಲ್ಲದಿರಲಿ, ಅಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ.

ಮುಂದಿನ ಸಭೆಯಲ್ಲಿ ಚರ್ಚಿಸಿ: ಸಂಘಕ್ಕೊಂದು ರಬ್ಬರ್ ಪಂಪ್ ಕೊಂಡು ಎಲ್ಲರೂ ಬಳಸಬಹುದೇ? ನಮ್ಮ ಓಣಿಯ ಗುಂಡಿ ತುಂಬಿದಾಗ ಯಾರನ್ನು ಇಳಿಸುತ್ತಿದ್ದೇವೆ?