ಹಿಮವನ್ನು ನಂಬಿದ ಕಾಡು

ಹಿಮವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮರಣದ ಚಿತ್ರ. ಎಲ್ಲವನ್ನೂ ಮುಚ್ಚಿ, ಎಲ್ಲ ಸದ್ದನ್ನೂ ಅಡಗಿಸುವ ಶತ್ರುವೆಂದೇ ನಾವು ಅದನ್ನು ಭಾವಿಸುತ್ತೇವೆ. ಬಯಲುಸೀಮೆಯ ಬಿಸಿಲಿನಲ್ಲಿ ಬೆಳೆದ ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಉತ್ತರದ ಕಾಡುಗಳ ವಿಷಯವನ್ನು ಓದುತ್ತ ಹೋದಂತೆ ಆ ತಿಳಿವಳಿಕೆ ತಲೆಕೆಳಗಾಯಿತು. ಅಲ್ಲಿನ ಎಷ್ಟೋ ಜೀವಿಗಳಿಗೆ ಹಿಮವೇ ಕಂಬಳಿ.

ಅಲಾಸ್ಕ, ಕೆನಡ, ಸ್ಕ್ಯಾಂಡಿನೇವಿಯ, ಸೈಬೀರಿಯಗಳನ್ನು ಹಾದು ಭೂಮಿಯ ತಲೆಗೆ ಸುತ್ತಿದ ಹಸಿರು ಪೇಟದಂತೆ ಹಬ್ಬಿರುವ ಈ ಕಾಡಿಗೆ ಟೈಗಾ ಎಂದು ಹೆಸರು. ಅಲ್ಲಿ ಮರಗಳ ಜಾತಿಗಳು ಕೆಲವೇ. ಆದರೆ ಒಂದೊಂದೂ ಚಳಿಗಾಲವನ್ನು ಎದುರಿಸುವ ಉಪಾಯವನ್ನು ಬಲ್ಲುದು. ಸ್ಪ್ರೂಸ್ ಮರವು ಗೋಪುರದ ಆಕಾರದ್ದು. ಇಳಿಬಿದ್ದ ಕೊಂಬೆಗಳ ಮೇಲಿಂದ ಹಿಮದ ಭಾರ ಜಾರಿಹೋಗುತ್ತದೆ. ನೆಲದ ನೀರು ಹೆಪ್ಪುಗಟ್ಟಿದಾಗ ಬೇರಿಗೆ ನೀರು ದೊರೆಯದು. ಆದ್ದರಿಂದ ಸೂಜಿಯಂಥ ಎಲೆಗಳು ಮೇಣವನ್ನು ಬಳಿದುಕೊಂಡು ಇದ್ದ ನೀರನ್ನೇ ಕಾಪಾಡುತ್ತವೆ. ಲಾರ್ಚ್ ಮರದ್ದು ಬೇರೆಯೇ ದಾರಿ: ಶರತ್ಕಾಲದಲ್ಲಿ ಸೂಜಿಗಳನ್ನೆಲ್ಲ ಉದುರಿಸಿ ಬರಿದಾಗಿ ನಿಲ್ಲುತ್ತದೆ. ಸೈಬೀರಿಯದ ಅತಿ ಶೀತಲ ಪ್ರದೇಶಗಳಲ್ಲಿ ಅದರದೇ ಪ್ರಭುತ್ವ. ಇವುಗಳ ನಡುವೆ ಬಿಳಿಯ ತೊಗಟೆಯ ಬರ್ಚ್ ಮರವೂ ಉಂಟು. ಕಾಶ್ಮೀರದ ಹಳೆಯ ಹಸ್ತಪ್ರತಿಗಳಿಗೆ ಹಾಳೆಯೊದಗಿಸಿದ ಭೂರ್ಜವೃಕ್ಷಕ್ಕೆ ಅದು ಹತ್ತಿರದ ಬಂಧು.

ಇನ್ನು ಹಿಮದ ಅಡಿಗೆ ಇಳಿಯೋಣ. ಹೊರಗೆ ಗಾಳಿಯ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗಿದ್ದರೂ, ದಪ್ಪನೆಯ ಹಿಮದ ಪದರದ ಕೆಳಗೆ ನೆಲವು ಸೊನ್ನೆಯ ಆಸುಪಾಸಿನಲ್ಲೇ ಇರಬಲ್ಲುದು. ಬಿಡಿಬಿಡಿಯಾದ ಹಿಮದೊಳಗೆ ಸಿಕ್ಕಿಬಿದ್ದ ಗಾಳಿಯೇ ಇದಕ್ಕೆ ಕಾರಣ. ಚಿಕ್ಕ ಬಾಲದ ಇಲಿಗಳು ಆ ಕತ್ತಲಲ್ಲಿ ಸುರಂಗಗಳನ್ನು ತೋಡಿ ಚಳಿಗಾಲವನ್ನು ಕಳೆಯುತ್ತವೆ. ಮೇಲೆ ಮರದಲ್ಲಿ ಕುಳಿತ ದೊಡ್ಡ ಬೂದು ಗೂಬೆಯಾದರೋ, ಕಣ್ಣಿಗೆ ಕಾಣದ ಆ ಇಲಿಯ ಸದ್ದನ್ನು ಕೇಳಿಯೇ ಎರಗಿ, ಹಿಮವನ್ನು ಭೇದಿಸಿ ಅದನ್ನು ಹಿಡಿಯುತ್ತದೆ.

ಹಿಮವನ್ನು ಎಲ್ಲರಿಗಿಂತ ಹೆಚ್ಚಾಗಿ ನಂಬಿದ ಪ್ರಾಣಿಯೆಂದರೆ ಉತ್ತರ ಅಮೆರಿಕದ ಹಿಮಮೊಲ. ಅದರ ಅಗಲವಾದ ಹಿಂಗಾಲುಗಳು ಹಿಮದಲ್ಲಿ ಹೂತುಹೋಗವು. ಲಿಂಕ್ಸ್ ಎಂಬ ಕಾಡುಬೆಕ್ಕಿನ ಬಾಳು ಬಹುಮಟ್ಟಿಗೆ ಈ ಮೊಲವನ್ನೇ ಅವಲಂಬಿಸಿದೆ. ಹಡ್ಸನ್ಸ್ ಬೇ ಕಂಪನಿಯ ತುಪ್ಪಳದ ವ್ಯಾಪಾರದ ಲೆಕ್ಕಗಳನ್ನು ಪರಿಶೀಲಿಸಿ, ಲಿಂಕ್ಸ್‌ಗಳ ಸಂಖ್ಯೆ ಸುಮಾರು 10 ವರ್ಷಗಳಿಗೊಮ್ಮೆ ಏರಿ ಇಳಿಯುವುದನ್ನು ಚಾರ್ಲ್ಸ್ ಎಲ್ಟನ್ ಮತ್ತು ಮೇರಿ ನಿಕಲ್ಸನ್ 1942ರಲ್ಲಿ ವಿವರಿಸಿದರು. ಮೊಲಗಳು ಹೆಚ್ಚಿದರೆ ಬೆಕ್ಕುಗಳು ಹೆಚ್ಚುತ್ತವೆ. ಮೊಲಗಳು ಕುಸಿದರೆ, ತುಸು ತಡವಾಗಿ, ಅವೂ ಕುಸಿಯುತ್ತವೆ.

ಬೇಸಗೆಯಲ್ಲಿ ಕಂದಾಗಿರುವ ಈ ಮೊಲ ಚಳಿಗಾಲಕ್ಕೆ ಬೆಳ್ಳಗಾಗುತ್ತದೆ. ಆದರೆ ಬಣ್ಣ ಬದಲಿಸಲು ಅದು ಹಿಮದ ದಾರಿಯನ್ನು ಕಾಯುವುದಿಲ್ಲ. ಹಗಲಿನ ಉದ್ದವೇ ಅದರ ಪಂಚಾಂಗ. ಹಗಲು ಕುಗ್ಗುತ್ತ ಬಂದರೆ ಹಿಮವೂ ಬರುವುದೆಂಬುದು ಸಾವಿರಾರು ವರ್ಷಗಳ ವಿಶ್ವಾಸ. ಭೂಮಿ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಹಗಲು ಮಾತು ತಪ್ಪಿಲ್ಲ, ಹಿಮ ತಪ್ಪತೊಡಗಿದೆ. ಕಂದು ನೆಲದ ಮೇಲೆ ಬಿಳಿಯ ಮೊಲ ತಾನು ಅಡಗಿದ್ದೇನೆಂದೇ ನಂಬಿ ಕುಳಿತಿರುತ್ತದೆ. ಈ ಮೊಲದ ನೆಲೆಯ ದಕ್ಷಿಣದ ಅಂಚಿನಲ್ಲಿರುವ ಮೊಂಟಾನದಲ್ಲಿ, ಹೀಗೆ ಬಣ್ಣ ಹೊಂದದ ಮೊಲಗಳು ಹೆಚ್ಚಾಗಿ ಸಾಯುತ್ತವೆಂದು ಸಂಶೋಧಕರು ಕಂಡಿದ್ದಾರೆ.

ಇಷ್ಟಕ್ಕೇ ಕಥೆ ಮುಗಿಯಿತೆಂದುಕೊಂಡಿದ್ದೆ. ಆದರೆ ಉತ್ತರದ ಯೂಕಾನ್ ಪ್ರದೇಶದಿಂದ ಬಂದ ಇನ್ನೊಂದು ಅಧ್ಯಯನ ನನ್ನನ್ನು ತಡೆದು ನಿಲ್ಲಿಸಿತು. ಅಲ್ಲಿ ಶರತ್ಕಾಲದಲ್ಲಿ ಹಿಮಕ್ಕೆ ಮುನ್ನವೇ ಬೆಳ್ಳಗಾದ ಮೊಲಗಳು ಹೆಚ್ಚು ಬದುಕಿದವು! ಬಿಳಿಯ ತುಪ್ಪಳ ಬೆಚ್ಚಗಿನದು. ಅದನ್ನು ತೊಟ್ಟ ಮೊಲ ಮೇವಿಗಾಗಿ ಅಷ್ಟೊಂದು ಅಲೆಯಬೇಕಿಲ್ಲ. ಒಂದು ಕಡೆ ಮರಣಕ್ಕೆ ಕಾರಣವಾದ ಅಂಗಿಯೇ ಇನ್ನೊಂದು ಕಡೆ ಪ್ರಾಣರಕ್ಷಕ.

ಹಾಗೆಂದು ನಾವು ನಿಶ್ಚಿಂತರಾಗುವಂತಿಲ್ಲ. ಮೊಲಕ್ಕೆ ಬೆಚ್ಚನೆಯ ಅಂಗಿಯುಂಟು. ಹಿಮದಡಿಯ ಇಲಿಗೆ ಹಿಮವೇ ಅಂಗಿ. ಅದು ತೆಳುವಾದರೆ ನೆಲಕ್ಕೆ ನೇರವಾಗಿ ತಾಗುವುದು ಕೊರೆಯುವ ಚಳಿ. ಭೂಮಿಯ ಬಿಸಿ ಏರಿದಾಗ ಚಳಿಯಿಂದ ನಡುಗುವ ಜೀವಿಯೂ ಒಂದಿದೆಯೆಂದರೆ ನಮಗೆ ವಿಚಿತ್ರವೆನಿಸಬಹುದು. ಹಿಮವನ್ನು ಶತ್ರುವೆಂದು ತಿಳಿದವರಿಗೆ ಮಾತ್ರ ಅದು ವಿಚಿತ್ರ.