ಬಿಎ ಎಲ್ಲಿ ಮುಗಿಯುತ್ತೆ, ಎಂಎ ಎಲ್ಲಿ ಶುರು?

(ದೃಶ್ಯ: ದೇವಸಮುದ್ರ ಬಸ್ ನಿಲ್ದಾಣ, ಕಾಲೇಜು ಬ್ಯಾಗಿನ ಹುಡುಗಿ)

ಬಿಎನಲ್ಲೂ ಇತಿಹಾಸ, ಎಂಎನಲ್ಲೂ ಇತಿಹಾಸ. ಅದನ್ನೇ ಎರಡು ಸಲ ಯಾಕೆ ಓದಬೇಕು?

ಉತ್ತರ ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬಂಡೆ ಮೇಲೇ ಇದೆ. ಬನ್ನಿ.

(ದೃಶ್ಯ: ಬ್ರಹ್ಮಗಿರಿ, ಅಶೋಕನ ಶಾಸನ)

1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನ ಇದು. ಇದರಲ್ಲಿ ಬರೋ ಊರು ಇಸಿಲ. ಇಷ್ಟು ತಿಳಿದು, ಮೌರ್ಯರ ಕಾಲದ ಜೊತೆ ಜೋಡಿಸಿ ಹೇಳಿದರೆ ಅದು ಬಿಎ.

ಎಂಎ ಅಂದ್ರೆ ಬ್ರಾಹ್ಮಿ ಅಕ್ಷರಗಳನ್ನ ನೀವೇ ಓದೋದು. ಕೊನೇ ಸಾಲು ನೋಡಿ. ಬರೆದವನ ಹೆಸರು ಚಪಡ. ಆದರೆ ‘ಲಿಪಿಕಾರ’ ಅನ್ನೋ ಪದ ಮಾತ್ರ ಖರೋಷ್ಠಿಯಲ್ಲಿದೆ, ಬಲದಿಂದ ಎಡಕ್ಕೆ! ಗಾಂಧಾರದ ಕಡೆಯ ಲಿಪಿ ಇಲ್ಲಿಗೆ ಹೇಗೆ ಬಂತು? ವಿದ್ವಾಂಸರು ಏನಂದ್ರು, ಯಾರ ವಾದ ಗಟ್ಟಿ ಅಂತ ತೂಗೋದು ಎಂಎ. ಹೊಸ ಪುರಾವೆ ತಂದು ನಿಮ್ಮದೇ ವಾದ ಕಟ್ಟಿದರೆ ಪಿಎಚ್‌ಡಿ.

(ದೃಶ್ಯ: ಪರದೆ ಮೇಲೆ ಅಂಕಿಗಳು)

ವಿಶ್ವವಿದ್ಯಾಲಯ ಈ ಮಟ್ಟಗಳನ್ನ ಕೋರ್ಸ್ ಸಂಖ್ಯೆಯಲ್ಲಿ ಹೇಳುತ್ತೆ. ಯುಜಿಸಿಯ 2022ರ ಚೌಕಟ್ಟಿನಲ್ಲಿ 100ರ ಸರಣಿ ಬುನಾದಿ, 200 ಮಧ್ಯಮ, 300 ಮೇಲ್ಮಟ್ಟ, 400 ಆನರ್ಸ್ ಹಂತ. 500, 600 ಸ್ನಾತಕೋತ್ತರ. 700 ದಾಟಿದರೆ ಸಂಶೋಧನೆ.

ಕರ್ನಾಟಕದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ: ಆರು ಸೆಮಿಸ್ಟರ್. ಎಂಎಗೆ ನಾಲ್ಕು. ದಾವಣಗೆರೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಚಿತ್ರದುರ್ಗದ ಪಕ್ಕ, ಜಿ.ಆರ್. ಹಳ್ಳಿಯಲ್ಲೇ ಇದೆ.

(ದೃಶ್ಯ: ಮತ್ತೆ ಬಂಡೆ)

ಬಂಡೆ ಒಂದೇ. ಬಿಎ ಉತ್ತರ ಕಲಿಸುತ್ತೆ, ಎಂಎ ಆ ಉತ್ತರಾನೇ ಪ್ರಶ್ನೆ ಮಾಡೋದು ಕಲಿಸುತ್ತೆ.