ಪ್ರಗತಿ ಪತ್ರಕ್ಕೆ ಸಹಿ ಹಾಕುವ ಮುನ್ನ

ದಸರಾ ರಜೆ ಮುಗಿದು ಶಾಲೆಗಳು ಮತ್ತೆ ತೆರೆದ ಮೇಲೊಮ್ಮೆ, ಏಪ್ರಿಲ್ ತಿಂಗಳಲ್ಲಿ ಬೇಸಿಗೆ ರಜೆ ಆರಂಭವಾಗುವಾಗ ಇನ್ನೊಮ್ಮೆ, ನಮ್ಮ ನಾಡಿನ ಮನೆಮನೆಗೂ ಒಂದು ಹಾಳೆ ಬರುತ್ತದೆ. ಅದು ಮಗುವಿನ ಪ್ರಗತಿ ಪತ್ರ. ತಂದೆಯಾದವನು ಹೊಲಕ್ಕೆ ಹೊರಡುವ ಅವಸರದಲ್ಲಿ, ಇಲ್ಲವೇ ಅಂಗಡಿಯ ಬಾಗಿಲು ತೆರೆಯುವ ಗಡಿಬಿಡಿಯಲ್ಲಿ ಅದರ ಮೇಲೆ ಕಣ್ಣಾಡಿಸಿ, ಮಗು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಮಾಡುತ್ತಾನೆ. ಓದುಬರಹ ಬಾರದ ತಾಯಿ ಹೆಬ್ಬೆಟ್ಟು ಒತ್ತುತ್ತಾಳೆ. ಹಾಳೆ ಶಾಲೆಗೆ ಹಿಂದಿರುಗಿ ಕಪಾಟು ಸೇರುತ್ತದೆ. ಶಾಲೆಯೂ ಮನೆಯೂ ತಂತಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುತ್ತವೆ. ಆ ಪತ್ರ ಯಾವ ಮಾತನ್ನು ಹೊತ್ತು ಬಂದಿತ್ತೋ, ಆ ಮಾತು ಮಾತ್ರ ಯಾರ ಕಿವಿಗೂ ಬೀಳದೆ ಹೋಗಿರುತ್ತದೆ.

ಮಗು ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣವಾದಾಗ ಮನೆಯವರಿಗೆ ದಿಗಿಲಾಗುತ್ತದೆ. ವಿಚಾರಿಸಿ ನೋಡಿದರೆ ಆ ಸೋಲಿನ ಬೀಜ ಮೂರನೆಯ ಅಥವಾ ನಾಲ್ಕನೆಯ ತರಗತಿಯಲ್ಲಿಯೇ ಬಿದ್ದಿರುತ್ತದೆ. ಅಂದು ಮಗು ಒಂದು ಪುಟವನ್ನು ತಡವರಿಸದೆ ಓದಲಾರದೆ ಹೋಗಿತ್ತು. ಭಾಗಾಕಾರ ಅದಕ್ಕೆ ತಿಳಿದಿರಲಿಲ್ಲ. ಶಿಕ್ಷಕರು ಅದನ್ನು ಬಲ್ಲವರಾಗಿದ್ದರು, ಮಗುವೂ ಬಲ್ಲುದು. ಅರಿಯದೆ ಉಳಿದವರು ತಂದೆತಾಯಿಗಳು ಮಾತ್ರ. ಈ ಒಂದು ಅಂತರವನ್ನು ತುಂಬುವುದು ಹೇಗೆಂಬುದೇ ಇಂದು ಪ್ರತಿಯೊಂದು ಕುಟುಂಬವೂ ಯೋಚಿಸಬೇಕಾದ ವಿಷಯವಾಗಿದೆ.

ಬೀದಿಯಲ್ಲಿ ನಡೆಯುತ್ತಿದ್ದ ಮಾತು

ಹಿಂದಿನ ದಿನಗಳಲ್ಲಿ ಪ್ರಗತಿ ಪತ್ರಕ್ಕೆ ಇಷ್ಟು ಮಹತ್ವವಿರಲಿಲ್ಲ. ಮಾಸ್ತರರು ಬಹುಮಟ್ಟಿಗೆ ಊರಿನಲ್ಲಿಯೇ ವಾಸವಾಗಿರುತ್ತಿದ್ದರು. ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ, ಗುಡಿಯ ಅಂಗಳದಲ್ಲಿ ಅವರು ತಂದೆತಾಯಿಗಳಿಗೆ ಎದುರಾಗುತ್ತಿದ್ದರು. “ನಿಮ್ಮ ಹುಡುಗ ಮೂರು ದಿನದಿಂದ ಬಂದಿಲ್ಲವಲ್ಲ”, “ಮಗ್ಗಿಯಲ್ಲಿ ಹಿಂದಿದ್ದಾನೆ, ಸ್ವಲ್ಪ ಗಮನ ಕೊಡಿ” ಎಂಬ ಎರಡು ಮಾತು ಅಲ್ಲಿಯೇ ಮುಗಿದುಹೋಗುತ್ತಿತ್ತು. ಯಾವ ಹಾಳೆಯೂ ಯಾವ ಸಭೆಯೂ ಅದಕ್ಕೆ ಬೇಕಾಗಿರಲಿಲ್ಲ.

ಇಂದು ಅನೇಕ ಶಿಕ್ಷಕರು ತಾಲ್ಲೂಕು ಕೇಂದ್ರದಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಮರಳುತ್ತಾರೆ. ಮಕ್ಕಳೂ ಶಾಲಾ ವಾಹನಗಳಲ್ಲಿ ಹತ್ತಾರು ಕಿಲೋಮೀಟರ್ ದೂರದ ಶಾಲೆಗಳಿಗೆ ಹೋಗಿಬರುತ್ತಾರೆ. ಇದು ಯಾರ ತಪ್ಪೂ ಅಲ್ಲ, ಕಾಲದ ನಡೆ. ಆದರೆ ಬೀದಿಯಲ್ಲಿ ಸಹಜವಾಗಿ ನಡೆಯುತ್ತಿದ್ದ ಸಂಭಾಷಣೆ ನಿಂತುಹೋದ ಮೇಲೆ, ಆ ಕೆಲಸವನ್ನು ಪ್ರಗತಿ ಪತ್ರವೂ ಪೋಷಕರ ಸಭೆಯೂ ಮಾಡಬೇಕಾಗಿದೆ. ಅವು ಕೇವಲ ಔಪಚಾರಿಕವಾದರೆ ಮನೆಗೂ ಶಾಲೆಗೂ ನಡುವಣ ಸೇತುವೆಯೇ ಇಲ್ಲವಾಗುತ್ತದೆ.

ಕಾಯ್ದೆಯಲ್ಲಿ ಹೇಳಿರುವುದು

ಮಗುವಿನ ಕಲಿಕೆಯ ವಿಚಾರ ತಿಳಿಯಲು ಶಾಲೆಗೆ ಹೋಗುವುದೆಂದರೆ ಶಿಕ್ಷಕರಿಂದ ಉಪಕಾರ ಬೇಡಿದಂತೆ ಎಂದು ಅನೇಕ ಪೋಷಕರು ಸಂಕೋಚಪಡುತ್ತಾರೆ. ಈ ಸಂಕೋಚಕ್ಕೆ ಕಾರಣವಿಲ್ಲ. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆಯು ತನ್ನ 24ನೆಯ ಪ್ರಕರಣದಲ್ಲಿ ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿಮಾಡಿದೆ. ತಂದೆತಾಯಿಗಳೊಡನೆ ನಿಯತವಾಗಿ ಸಭೆ ನಡೆಸಿ, ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆಗಿರುವ ಪ್ರಗತಿ ಇವುಗಳನ್ನು ತಿಳಿಸಬೇಕೆಂಬುದು ಅವುಗಳಲ್ಲಿ ಒಂದು. ಅಂದರೆ ಮಗುವಿನ ವಿಚಾರವಾಗಿ ಕೇಳುವುದು ಪೋಷಕರ ಹಕ್ಕು. ಹೇಳುವುದು ಶಿಕ್ಷಕರ ಕರ್ತವ್ಯ.

ಕರ್ನಾಟಕದಲ್ಲಿ ಈ ಕಾಯ್ದೆಗೆ ಮೊದಲೇ, 2001ರಲ್ಲಿ, ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಗೊಂಡಿದ್ದವು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು 2009ರ ಕಾಯ್ದೆ ವಿಧಿಸಿತು. ಇದಲ್ಲದೆ ಅರ್ಧವಾರ್ಷಿಕ ಹಾಗೂ ವಾರ್ಷಿಕ ಮೌಲ್ಯಮಾಪನಗಳ ನಂತರ ‘ಸಮುದಾಯದತ್ತ ಶಾಲೆ’ ಎಂಬ ಹೆಸರಿನಲ್ಲಿ ಪೋಷಕರನ್ನು ಕರೆಸಿ ಮಕ್ಕಳ ಪ್ರಗತಿಯನ್ನು ಮುಂದಿಡುವ ಪದ್ಧತಿಯೂ ಸರ್ಕಾರಿ ಶಾಲೆಗಳಲ್ಲಿದೆ. ಬಾಗಿಲು ತೆರೆದಿದೆ, ಒಳಗೆ ಹೋಗುವವರು ಬೇಕಾಗಿದ್ದಾರೆ.

ಪತ್ರವನ್ನು ಓದುವ ಬಗೆ

ನಮ್ಮ ರಾಜ್ಯದ ಪಠ್ಯಕ್ರಮವನ್ನು ಅನುಸರಿಸುವ ಪ್ರಾಥಮಿಕ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳೂ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳೂ ನಡೆಯುತ್ತವೆ. ಹೆಸರು ದೊಡ್ಡದಾದರೂ ಅರ್ಥ ಸರಳ. ಕಲಿಯುತ್ತಿರುವಾಗಲೇ ನಡುನಡುವೆ ನೋಡಿ ತಿದ್ದುವುದು ಮೊದಲನೆಯದು. ಅರ್ಧವರ್ಷದ ಕೊನೆಯಲ್ಲಿ ಒಟ್ಟು ಕಲಿತದ್ದನ್ನು ಅಳೆಯುವುದು ಎರಡನೆಯದು. ಫಲಿತಾಂಶವನ್ನು ಶ್ರೇಣಿಗಳಲ್ಲಿ ಕೊಡಲಾಗುತ್ತದೆ. 90ರಿಂದ 100ರವರೆಗೆ ಎ ಪ್ಲಸ್, 70ರಿಂದ 89 ಎ, 50ರಿಂದ 69 ಬಿ ಪ್ಲಸ್, 30ರಿಂದ 49 ಬಿ, ಅದಕ್ಕಿಂತ ಕಡಿಮೆಯಾದರೆ ಸಿ.

ಶ್ರೇಣಿಯಿಂದ ಮಕ್ಕಳ ನಡುವಿನ ಅನಗತ್ಯ ಪೈಪೋಟಿ ತಗ್ಗುವುದು ನಿಜ. ಆದರೆ ಅದು ಕೆಲವು ಸಂಗತಿಗಳನ್ನು ಮರೆಮಾಡುವುದೂ ಉಂಟು. ಗಣಿತದಲ್ಲಿ 68 ಪಡೆದಿದ್ದ ಮಗು ಮುಂದಿನ ಬಾರಿ 51ಕ್ಕೆ ಇಳಿದರೂ ಪತ್ರದಲ್ಲಿ ಬಿ ಪ್ಲಸ್ ಎಂದೇ ಇರುತ್ತದೆ. ಕುಸಿತ ಕಣ್ಣಿಗೆ ಕಾಣುವುದಿಲ್ಲ. 49ರಿಂದ 50ಕ್ಕೆ ಏರಿದ ಮಗುವಿನ ಶ್ರೇಣಿ ಬದಲಾಗುತ್ತದೆ. ಕಲಿಕೆ ಇದ್ದಲ್ಲಿಯೇ ಇರಬಹುದು. ಆದುದರಿಂದ ಈ ಬಾರಿಯ ಪತ್ರವನ್ನು ಹಿಂದಿನ ಬಾರಿಯ ಪತ್ರದ ಪಕ್ಕದಲ್ಲಿಟ್ಟು ನೋಡಬೇಕು. ನೆರೆಮನೆಯ ಮಗುವಿನ ಪತ್ರದ ಪಕ್ಕದಲ್ಲಿಡುವುದರಿಂದ ಯಾವ ಪ್ರಯೋಜನವೂ ಇಲ್ಲ.

ಶ್ರೇಣಿಗೂ ಮೊದಲು ನೋಡಬೇಕಾದುದು ಹಾಜರಾತಿಯ ಕಲಂ. ಒಂದರಿಂದ ಐದನೆಯ ತರಗತಿಗೆ ವರ್ಷದಲ್ಲಿ ಕನಿಷ್ಠ 200 ದಿನಗಳು, ಆರರಿಂದ ಎಂಟನೆಯ ತರಗತಿಗೆ 220 ದಿನಗಳು ಶಾಲೆ ನಡೆಯಬೇಕೆಂದು ಕಾಯ್ದೆ ನಿಗದಿಪಡಿಸಿದೆ. ಜಾತ್ರೆಗೆಂದು ಒಂದು ದಿನ, ಮದುವೆಗೆಂದು ಒಂದು ದಿನ, ಹೀಗೆ ತಿಂಗಳಿಗೆ ಎರಡೇ ದಿನ ತಪ್ಪಿದರೂ ವರ್ಷಕ್ಕೆ 20 ದಿನಗಳಾಗುತ್ತವೆ. ಇದು ವರ್ಷದ ಹತ್ತನೆಯ ಒಂದು ಪಾಲು. ಐದು ವರ್ಷಗಳಲ್ಲಿ 100 ದಿನಗಳು, ಅಂದರೆ ಅರ್ಧ ವರ್ಷದ ಶಾಲೆಯೇ ಕೈತಪ್ಪಿರುತ್ತದೆ. ಭಿನ್ನರಾಶಿಯ ಪಾಠ ನಡೆದ ವಾರ ಮಗು ಹತ್ತಿ ಬಿಡಿಸಲು ಹೋಗಿದ್ದರೆ, ಮುಂದೆ ಶೇಕಡಾ ಲೆಕ್ಕ ಬಂದಾಗ ಅದು ತೊಡರುವುದು ಸಹಜವೇ. ಆಗ “ಇವನಿಗೆ ಗಣಿತ ಹತ್ತುವುದಿಲ್ಲ” ಎಂದು ತೀರ್ಪು ಕೊಡುವುದು ನ್ಯಾಯವಲ್ಲ.

ಇನ್ನೊಂದು ಎಚ್ಚರವೂ ಅವಶ್ಯಕ. ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಬಾರದೆಂಬುದು 2009ರ ಕಾಯ್ದೆಯ ಮೂಲ ವಿಧಿಯಾಗಿತ್ತು. 2019ರ ತಿದ್ದುಪಡಿಯು ಐದು ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆ, ಮರುಪರೀಕ್ಷೆ ನಡೆಸಿ ಆಮೇಲೆ ತೀರ್ಮಾನಿಸುವ ಅಧಿಕಾರವನ್ನು ಸರ್ಕಾರಗಳಿಗೆ ನೀಡಿತು. ಉಳಿದ ತರಗತಿಗಳಲ್ಲಿ ಮಗು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಇದು ಮಗುವನ್ನು ಅಪಮಾನದಿಂದ ಕಾಪಾಡುವ ಉದ್ದೇಶದ ನಿಯಮ. ಆದರೆ ‘ತೇರ್ಗಡೆಯಾಗಿದೆ’ ಎಂಬ ಒಂದು ಪದ, ಆ ತರಗತಿಯ ಪಾಠ ಬಂದಿದೆ ಎಂಬುದಕ್ಕೆ ಪ್ರಮಾಣವಲ್ಲವೆಂಬುದನ್ನು ಪೋಷಕರು ಅರಿತಿರಬೇಕು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಿರುವ ಕಿರಿಯ ತರಗತಿಗಳಲ್ಲಿ ನೋಡುವ ಬಗೆಯೇ ಬೇರೆ. ಅಲ್ಲಿ ಪ್ರತಿ ಮಗುವೂ ಕಲಿಕೆಯ ಏಣಿಯನ್ನು ತನ್ನದೇ ವೇಗದಲ್ಲಿ ಏರುತ್ತದೆ. ಎಷ್ಟು ಅಂಕ ಎಂದು ಕೇಳಿದರೆ ಪ್ರಯೋಜನವಿಲ್ಲ. ‘ಪ್ರಗತಿ ನೋಟ’ವನ್ನು ತೋರಿಸಲು ವಿನಂತಿಸಿ, ಮಗು ಯಾವ ಮೆಟ್ಟಿಲಲ್ಲಿದೆ, ಅಲ್ಲಿಯೇ ಎಷ್ಟು ದಿನದಿಂದ ನಿಂತಿದೆ ಎಂದು ವಿಚಾರಿಸಬೇಕು.

ಏನನ್ನು ಕೇಳಬೇಕು?

“ನಮ್ಮ ಹುಡುಗ ಹೇಗೆ ಓದುತ್ತಾನೆ ಸಾರ್?” ಎಂದರೆ “ಪರವಾಗಿಲ್ಲ, ಇನ್ನೂ ಸ್ವಲ್ಪ ಓದಬೇಕು” ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದರಿಂದ ಇಬ್ಬರಿಗೂ ಲಾಭವಿಲ್ಲ. ಪ್ರಶ್ನೆ ಖಚಿತವಾಗಿದ್ದರೆ ಉತ್ತರವೂ ಖಚಿತವಾಗುತ್ತದೆ. ತಾನು ಹಿಂದೆ ನೋಡಿರದ ಒಂದು ಪುಟವನ್ನು ನಮ್ಮ ಮಗು ಓದಬಲ್ಲುದೇ? ಕಳೆದ ಬಾರಿಗಿಂತ ಯಾವ ವಿಷಯದಲ್ಲಿ ಮುಂದೆ ಬಂದಿದೆ, ಯಾವುದರಲ್ಲಿ ಹಿಂದೆ ಸರಿದಿದೆ? ತಿಳಿಯದಿದ್ದಾಗ ಎದ್ದು ಕೇಳುತ್ತದೆಯೇ, ಸುಮ್ಮನಿರುತ್ತದೆಯೇ? ಕರಿಹಲಗೆ ಸರಿಯಾಗಿ ಕಾಣುತ್ತದೆಯೇ? ಮುಂದಿನ ಒಂದು ತಿಂಗಳು ಮನೆಯಲ್ಲಿ ನಾವು ಏನು ಮಾಡಬೇಕು? ಈ ಐದು ಪ್ರಶ್ನೆಗಳಿಗೆ ಹತ್ತು ನಿಮಿಷ ಸಾಕು. ದೃಷ್ಟಿದೋಷವೋ ಶ್ರವಣದೋಷವೋ ಇರುವ ಮಗು ‘ದಡ್ಡ’ ಎನಿಸಿಕೊಂಡು ವರ್ಷಗಳನ್ನು ಕಳೆಯುವುದುಂಟು. ಇಂತಹ ಒಂದು ಪ್ರಶ್ನೆ ಅದನ್ನು ತಪ್ಪಿಸೀತು.

ಓದಲು ಬಾರದ ತಾಯಂದಿರು ಈ ಕೆಲಸ ತಮ್ಮದಲ್ಲವೆಂದು ಹಿಂಜರಿಯಬೇಕಿಲ್ಲ. ಪತ್ರವನ್ನು ಓದಿ ಹೇಳಿರೆಂದು ಶಿಕ್ಷಕರನ್ನು ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಆಂಗ್ಲ ಮಾಧ್ಯಮದ ಶಾಲೆಗಳಲ್ಲಿ ‘ನೀಡ್ಸ್ ಇಂಪ್ರೂವ್‌ಮೆಂಟ್’ ಎಂದು ಬರೆದು ಕಳಿಸಿದರೆ, ಯಾವುದರಲ್ಲಿ ಸುಧಾರಣೆ ಬೇಕು ಎಂದು ಕನ್ನಡದಲ್ಲಿಯೇ ಕೇಳಬೇಕು. ಮನೆಯಲ್ಲಿ ಒಲೆಯ ಮುಂದೆ ಕುಳಿತಂತೆಯೇ ತಾಯಿ ಮಗುವಿನಿಂದ ದಿನಕ್ಕೊಂದು ಪುಟವನ್ನು ಗಟ್ಟಿಯಾಗಿ ಓದಿಸಬಹುದು. ಮಗು ತಡವರಿಸುತ್ತಿದೆಯೇ, ಊಹಿಸಿ ಹೇಳುತ್ತಿದೆಯೇ, ಸರಾಗವಾಗಿ ಓದುತ್ತಿದೆಯೇ ಎಂಬುದನ್ನು ತಿಳಿಯಲು ಅಕ್ಷರ ಬೇಕಿಲ್ಲ, ಕಿವಿ ಸಾಕು.

ಶಾಲೆಯಿಂದ ಮನೆಗೆ ಮಾತು ಬಂದಂತೆ ಮನೆಯಿಂದ ಶಾಲೆಗೂ ಮಾತು ಹೋಗಬೇಕು. ತಂದೆ ದುಡಿಮೆಗಾಗಿ ಗೋವೆಗೋ ಬೆಂಗಳೂರಿಗೋ ಹೋಗಿರುವುದು, ಮನೆಯಲ್ಲಿ ಸಾವು ಅಥವಾ ದೀರ್ಘಕಾಲದ ಕಾಯಿಲೆ, ಮಗು ರಾತ್ರಿ ನಿದ್ದೆಗೆಡುವುದು ಇವೆಲ್ಲ ಶಿಕ್ಷಕರಿಗೆ ತಿಳಿದಿದ್ದರೆ ಅವರು ಮಗುವಿನ ಮೌನವನ್ನು ಉದಾಸೀನವೆಂದು ತಪ್ಪಾಗಿ ಗ್ರಹಿಸುವುದಿಲ್ಲ.

ಮಠಗಳ ಪ್ರಸಾದನಿಲಯಗಳಲ್ಲಿಯೂ ಇತರ ವಸತಿಶಾಲೆಗಳಲ್ಲಿಯೂ ಓದುವ ಮಕ್ಕಳ ವಿಷಯದಲ್ಲಿ ಇದು ಇನ್ನಷ್ಟು ಮುಖ್ಯ. ಜಾತ್ರೆಗೋ ಹಬ್ಬಕ್ಕೋ ಬಂದ ಪೋಷಕರು ಮಗುವಿಗೆ ರೊಟ್ಟಿ-ಚಟ್ನಿ ಕೊಟ್ಟು, ತಲೆ ನೇವರಿಸಿ, ಕೈಗೆ ಹತ್ತಿಪ್ಪತ್ತು ರೂಪಾಯಿ ಇಟ್ಟು ಹಿಂದಿರುಗುತ್ತಾರೆ. ಅದೇ ಪ್ರಯಾಣದಲ್ಲಿ ಅರ್ಧ ಗಂಟೆ ಬಿಡುವು ಮಾಡಿಕೊಂಡು ತರಗತಿಯ ಶಿಕ್ಷಕರನ್ನೂ ನಿಲಯಪಾಲಕರನ್ನೂ ಕಂಡುಬಂದರೆ, ದೂರದಲ್ಲಿರುವ ಮಗುವಿಗೆ ತನ್ನ ಹಿಂದೆ ಮನೆಯಿದೆ ಎಂಬ ಧೈರ್ಯ ಮೂಡುತ್ತದೆ.

ಮಗನಿಗೊಂದು ನ್ಯಾಯ, ಮಗಳಿಗೊಂದು ನ್ಯಾಯವೇ?

ಪ್ರಗತಿ ಪತ್ರ ಮನೆಗೆ ಬಂದ ರಾತ್ರಿ ಏನಾಗುತ್ತದೆ ಎಂಬುದರ ಮೇಲೆ ಮಗುವಿನ ಮುಂದಿನ ನಡತೆ ನಿಂತಿದೆ. ಹೊಡೆತ ಬೀಳುವ ಮನೆಯಲ್ಲಿ ಪತ್ರ ಪುಸ್ತಕದ ಚೀಲದ ತಳ ಸೇರುತ್ತದೆ. ಕ್ರಮೇಣ ತಂದೆಯ ಸಹಿಯನ್ನು ಮಗುವೇ ಕಲಿಯುತ್ತದೆ. ಸುಳ್ಳಿನ ಮೊದಲ ಪಾಠವನ್ನು ಅದಕ್ಕೆ ಹೇಳಿಕೊಟ್ಟದ್ದು ನಮ್ಮ ಕೋಪವೇ. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಕಾಯ್ದೆ ನಿಷೇಧಿಸಿದೆ. ಶಿಕ್ಷಕರಿಗೆ ಸಲ್ಲದ ಕೋಲು ತಂದೆಯ ಕೈಗೆ ಸಲ್ಲುವುದೇ?

ಇದಕ್ಕಿಂತಲೂ ನೋವಿನ ಸಂಗತಿ ಒಂದಿದೆ. ಸಿ ಶ್ರೇಣಿ ಮಗನಿಗೆ ಬಂದರೆ ಮನೆಪಾಠದ ಏರ್ಪಾಡಾಗುತ್ತದೆ. ಅದೇ ಶ್ರೇಣಿ ಮಗಳಿಗೆ ಬಂದರೆ “ಇವಳಿಗೆ ಓದು ಹತ್ತುವುದಿಲ್ಲ, ಇನ್ನು ಸಾಕು” ಎಂಬ ಮಾತು ಏಳುತ್ತದೆ. ಅದರ ಬೆನ್ನಿಗೇ ಮದುವೆಯ ಪ್ರಸ್ತಾಪ ಬರುತ್ತದೆ. ಹದಿನೆಂಟು ತುಂಬದ ಹೆಣ್ಣಿನ ವಿವಾಹವನ್ನು 2006ರ ಕಾಯ್ದೆ ನಿಷೇಧಿಸಿದೆಯೆಂಬುದು ಎಲ್ಲರಿಗೂ ಗೊತ್ತು. ಆ ಹುಡುಗಿಯ ಹಾಜರಾತಿಯ ಕಲಂ ನೋಡಿದರೆ, ತಮ್ಮನನ್ನು ನೋಡಿಕೊಳ್ಳಲು, ನೀರು ತರಲು, ಅಡುಗೆ ಮಾಡಲು ಅವಳು ಶಾಲೆ ತಪ್ಪಿಸಿದ ದಿನಗಳು ಅಲ್ಲಿ ಕಾಣುತ್ತವೆ. ಆ ದಿನಗಳನ್ನು ಮನೆಯೇ ಕಿತ್ತುಕೊಂಡು, ಬಳಿಕ ಅದೇ ಪತ್ರವನ್ನು ಅವಳ ವಿರುದ್ಧ ಸಾಕ್ಷಿಯಾಗಿ ಮುಂದಿಡುವುದು ಯಾವ ಧರ್ಮ? ಸ್ತ್ರೀಪುರುಷ ಸಮಾನತೆಯನ್ನು ಎಂಟುನೂರು ವರ್ಷಗಳ ಹಿಂದೆಯೇ ಸಾರಿದ ಶರಣರ ಪರಂಪರೆಗೆ ಸೇರಿದವರೆಂದು ಹೇಳಿಕೊಳ್ಳುವ ಮನೆಗಳಲ್ಲಂತೂ ಈ ಭೇದ ಇರತಕ್ಕದ್ದಲ್ಲ.

ಶಿಕ್ಷಕರಲ್ಲಿ ಒಂದು ಬಿನ್ನಹ

ಶಿಕ್ಷಕರ ಹೊರೆಯನ್ನು ಅರಿಯದೆ ಅವರನ್ನು ದೂಷಿಸುವುದು ಸಲ್ಲದು. ಎರಡು-ಮೂರು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವುದು, ಅಕ್ಷರ ದಾಸೋಹದ ಲೆಕ್ಕ, ಜನಗಣತಿ, ಚುನಾವಣೆಯ ಕೆಲಸ ಇವೆಲ್ಲವೂ ಅವರ ಹೆಗಲ ಮೇಲಿವೆ. ಆದರೂ ಕೆಲವು ಸಣ್ಣ ಮಾರ್ಪಾಡುಗಳು ಹೆಚ್ಚಿನ ಶ್ರಮವಿಲ್ಲದೆ ಸಾಧ್ಯ. ಕೂಲಿಗೆ ಹೋಗುವವರಿಗೆ ಅನುಕೂಲವಾಗುವ ಹೊತ್ತಿನಲ್ಲಿ ಸಭೆ ಕರೆಯಬಹುದು. ಮಗುವಿನ ದೋಷವನ್ನು ಹತ್ತು ಜನರ ಮುಂದೆ ಹೇಳದೆ ಪ್ರತ್ಯೇಕವಾಗಿ ಹೇಳಬಹುದು. ಕರೆಸಿದಾಗಲೆಲ್ಲ ದೂರನ್ನೇ ಕೇಳಿದ ತಂದೆ ಮತ್ತೆ ಬರಲಾರ. ಮೊದಲು ಒಂದು ಒಳ್ಳೆಯ ಮಾತು ಹೇಳಿದರೆ ಮುಂದಿನ ಕಹಿಯನ್ನೂ ಆತ ನುಂಗಿಯಾನು.

ಈಚಿನ ವರ್ಷಗಳಲ್ಲಿ ಅನೇಕ ಶಾಲೆಗಳು ಮೊಬೈಲಿನ ವಾಟ್ಸ್ಯಾಪ್ ಗುಂಪುಗಳ ಮೂಲಕ ಪೋಷಕರಿಗೆ ಸುದ್ದಿ ಮುಟ್ಟಿಸುತ್ತಿವೆ. ರಜೆಯ ಸೂಚನೆಗೆ ಅದು ಅನುಕೂಲಕರ. ಆದರೆ ಎಲ್ಲ ಮಕ್ಕಳ ಅಂಕಗಳನ್ನು ಒಂದೇ ಗುಂಪಿನಲ್ಲಿ ಹಾಕುವುದು ಹಿಂದುಳಿದ ಮಗುವನ್ನು ಊರ ಮುಂದೆ ನಿಲ್ಲಿಸಿದಂತೆ. ಮೇಲಾಗಿ ಮೊಬೈಲು ದುಡಿಯಲು ಪಟ್ಟಣಕ್ಕೆ ಹೋದ ತಂದೆಯ ಜೇಬಿನಲ್ಲಿದ್ದು, ಮಗುವನ್ನು ನೋಡಿಕೊಳ್ಳುವ ತಾಯಿ ಮನೆಯಲ್ಲಿದ್ದರೆ, ಸುದ್ದಿ ತಲುಪಬೇಕಾದಲ್ಲಿಗೆ ತಲುಪಿದಂತಾಗದು. ಸಾಧ್ಯವಾದಲ್ಲೆಲ್ಲ ತಾಯಿಯನ್ನು ಕರೆಸಿ ಎದುರಿನಲ್ಲಿ ಆಡುವ ಮಾತೇ ಲೇಸು.

ಸಹಿ ಎಂದರೆ ನೋಡಿದೆನೆಂಬ ಗುರುತು ಮಾತ್ರವಲ್ಲ, ತಿಳಿದುಕೊಂಡೆನೆಂಬ ಒಪ್ಪಿಗೆಯೂ ಹೌದು. ಸಾಲಪತ್ರಕ್ಕೆ, ಜಮೀನಿನ ಖರೀದಿಪತ್ರಕ್ಕೆ ಸಹಿ ಮಾಡುವ ಮುನ್ನ ನಾವು ನಾಲ್ಕು ಜನರನ್ನು ಕೇಳುತ್ತೇವೆ, ಎರಡು ಬಾರಿ ಓದಿಸುತ್ತೇವೆ. ಅವುಗಳಿಗಿಂತ ಬೆಲೆಯುಳ್ಳ ಪತ್ರವೊಂದನ್ನು ಮಗು ತನ್ನ ಪುಟ್ಟ ಕೈಗಳಲ್ಲಿ ಹಿಡಿದು ನಮ್ಮ ಮುಂದೆ ನಿಲ್ಲುತ್ತದೆ. ಆಗ ಹತ್ತು ನಿಮಿಷ ಕುಳಿತು ನೋಡೋಣ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳೋಣ. ತಿಳಿಯದಿದ್ದುದನ್ನು ಶಾಲೆಗೆ ಹೋಗಿ ವಿಚಾರಿಸೋಣ. ಆಮೇಲೆ ಸಹಿ ಹಾಕೋಣ.